ನೇಮ ತಪ್ಪದ ಅಕ್ಕೋರು

ಬೆಳಗಾವಿಯ ಅನಗೋಳದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ವಾಸ್ತುಶಾಂತಿಯ ಕಾರ್ಡು, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯ ಹಾಳೆ. ಸತ್ತವರ ಬಗ್ಗೆ ನಾಲ್ಕು ಸಾಲು ಬರೆದು ಬರೆದು ನನ್ನ ಕೈ ಪಳಗಿಬಿಟ್ಟಿದೆ. ಸರಳ ಸ್ವಭಾವದವರು, ಎಲ್ಲರಿಗೂ ಬೇಕಾದವರು, ಪರೋಪಕಾರಿಗಳು. ಫೋಟೊ ಬದಲಿಸಿದರೆ ಆಯಿತು. ಹೋದ ತಿಂಗಳು ಖಾನಾಪುರದಿಂದ ಅಕ್ಕೋರ ತಮ್ಮ ಬಂದು, “ಅಕ್ಕನ ಬಗ್ಗೆ ನೀವ ನಾಕ ಸಾಲ ಬರದ ಹಾಕ್ರಿ” ಎಂದಾಗ ಮಾತ್ರ ಆ ಪಳಗಿದ ಕೈ ಹಟ ಹಿಡಿಯಿತು. ಸರಳ ಸ್ವಭಾವದವರು ಎಂದು ಬರೆದು ಹೊಡೆದುಹಾಕಿದೆ. ಅವರು ಸರಳ ಅಲ್ಲ, ಮಹಾ ತಕರಾರಿನ ಹೆಂಗಸು. ಎಲ್ಲರಿಗೂ ಬೇಕಾದವರು ಎಂದು ಬರೆದೆ. ಅದೂ ಸುಳ್ಳು, ಅವರ ಮೇಲೆ ಸಿಟ್ಟಿದ್ದ ಮಂದಿ ಊರಲ್ಲಿ ಬೇಕಾದಷ್ಟಿದ್ದರು. ಕೊನೆಗೆ ಹೆಸರು, ಜನನ, ಮರಣ ಇಷ್ಟನ್ನೇ ಅಚ್ಚು ಮಾಡಿ ಕೊಟ್ಟೆ. ಆ ಹಾಳೆಯಲ್ಲಿ ಹಿಡಿಸದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಟೊಂಬತ್ತು ವರ್ಷದ ಹಿಂದೆ ಅವರು ನನ್ನ ಪ್ರೆಸ್ಸಿಗೆ ಬಂದದ್ದು ಗಿರಾಕಿಯಾಗಿ. ಗಿಡ್ಡ ಆಳು, ನೂಲಿನ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು, ನಮ್ಮ ಕಡೆ ಟೀಚರಮ್ಮನನ್ನು ಕರೆಯುವ ಹಾಗೆ ಎಲ್ಲರಿಗೂ ಅಕ್ಕೋರು. ಅವರಿಗೆ ಬೇಕಾಗಿದ್ದದ್ದು ಗುರಿಕಾಗದ. ಏರ್‌ಗನ್ನಿನಿಂದ ಹತ್ತು ಮೀಟರು ದೂರದಲ್ಲಿ ನಿಂತು ಹೊಡೆಯುವ ಕಾಗದ. ಅಂಗೈಯಷ್ಟು ಜಾಗದಲ್ಲಿ ಒಂದರೊಳಗೊಂದು ವೃತ್ತ, ನಡುವೆ ಕರಿ, ಆ ಕರಿಯ ನಟ್ಟನಡುವೆ ಅರ್ಧ ಮಿಲಿಮೀಟರಿನ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಹತ್ತು ಅಂಕ. ಇದೇನು ಮಹಾ ಎಂದು ನಾನು ಒಂದೇ ದಿನದಲ್ಲಿ ಮಾಡಿಟ್ಟೆ. ಅವರು ಚೀಲದಿಂದ ಭೂತಗನ್ನಡಿ ತೆಗೆದು ನೋಡಿದರು.

“ಪ್ರೆಸ್‌ನವ್ರ, ಇದರಾಗ ಹತ್ತ ಎಲ್ಲೈತಿ?”

“ನಡಕ ಐತೆಲ್ರೀ.”

“ನಡಕ ಕರಿ ಐತಿ. ನಿಮ್ಮ ಮಸಿ ಹರಡಿ ಹತ್ತ ಮುಚ್ಚಿಬಿಟ್ಟೈತಿ.”

ನನ್ನ ಅಚ್ಚಿನಲ್ಲಿ ಯಾರಾದರೂ ತಪ್ಪು ಹುಡುಕಿದರೆ ನನಗೆ ಮೂಗಿನ ತುದಿಯಲ್ಲಿ ಕೋಪ. “ಅಷ್ಟ ಸಣ್ಣ ಚುಕ್ಕಿ ಹತ್ತ ಮೀಟರ್‌ಲಿಂದ ಹೆಂಗೂ ಕಾಣೂದಿಲ್ಲಲ್ರಿ” ಎಂದೆ.

“ಕಾಣಲಿಲ್ಲಂದ್ರೂ ಇರಬೇಕು” ಎಂದು ಕಟ್ಟನ್ನು ನನ್ನ ಕಡೆಗೇ ಸರಿಸಿದರು.

ಮೂರು ಸಲ ವಾಪಸು ಮಾಡಿದರು. ನಾಲ್ಕನೆಯ ಸಲ ಹೊಳಪಿಲ್ಲದ ದಪ್ಪ ಕಾಗದ ತರಿಸಿ, ಮಸಿ ತೆಳ್ಳಗೆ ಮಾಡಿ, ಬೆಳಗಿನಿಂದ ಸಂಜೆಯವರೆಗೆ ಮಷೀನಿನ ಹತ್ತಿರ ನಾನೇ ನಿಂತೆ. ಒಂದೊಂದು ಕಾಗದದಲ್ಲೂ ಬಿಳಿ ಚುಕ್ಕೆ ಎದ್ದಿತ್ತು. ಅಂಥ ಕೆಲಸ ನನ್ನ ಪ್ರೆಸ್ಸಿನಿಂದ ಅದಕ್ಕೂ ಮೊದಲು ಹೊರಬಿದ್ದಿರಲಿಲ್ಲ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಖುಷಿಯಲ್ಲಿ, ಕೆಳಗೆ ನಿಮ್ಮ ಹೆಸರು ಹಾಕಿಕೊಡುತ್ತೇನೆ, ಬೇರೆ ಏನೂ ಬೇಡ ಎಂದೆ. “ಹೆಸರ ಬ್ಯಾಡ್ರಿ, ಹುಡುಗೂರು ಅದನ್ನ ಹೊಡೀತಾವ” ಎಂದರು. ಆವತ್ತು ಬೇಡವೆಂದ ಹೆಸರನ್ನು ನಾನು ಈ ಬರಹದಲ್ಲೂ ಹಾಕುವುದಿಲ್ಲ.

ಖಾನಾಪುರದಲ್ಲಿ ಹೆಂಚಿನ ಕಾರ್ಖಾನೆಗಳಿದ್ದವಲ್ಲ, ಅಂಥ ಮುಚ್ಚಿದ ಒಂದು ಕಾರ್ಖಾನೆಯ ಹೆಂಚು ಒಣಗಿಸುವ ಉದ್ದನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು ಅಕ್ಕೋರು ಆರೇಳು ಮಕ್ಕಳಿಗೆ ಗುರಿ ಕಲಿಸುತ್ತಿದ್ದರು. ಛರ್ರಾ, ಅಂದರೆ ಏರ್‌ಗನ್ನಿನ ಆ ಸಣ್ಣ ಸೀಸದ ಗುಂಡು, ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಗುರಿಕಾಗದದ ಹಿಂದೆ ಹೆಂಚಿನ ಹಸಿ ಮಣ್ಣನ್ನು ಗೋಡೆಯಂತೆ ಮೆತ್ತಿಸಿದ್ದರು. ಆ ಮಣ್ಣಿಗೆ ದಿನಾ ನೀರು ಚಿಮುಕಿಸುವುದು ಮಕ್ಕಳ ಪಾಳಿ. ಹೊಡೆಯುವ ಮೊದಲು ಮೆತ್ತನೆಯ ಕಸಬರಿಗೆಯಿಂದ ನೆಲ ಗುಡಿಸಿ ಇರುವೆ, ಹುಳ ಎಲ್ಲವನ್ನೂ ಆಚೆ ಸರಿಸಬೇಕು. ಮುಗಿದ ಮೇಲೆ ಸಾಬೂನು ಹಚ್ಚಿ ಮೊಳಕೈವರೆಗೆ ತೊಳೆಯದೆ ಯಾರೂ ತಿಂಡಿ ಮುಟ್ಟುವ ಹಾಗಿಲ್ಲ, ಸೀಸ ವಿಷ. ಒಮ್ಮೆ ಒಂದು ಕಣಜ ಮೂರನೆಯ ಸಾಲಿನ ಮಣ್ಣಿನಲ್ಲಿ ಗೂಡು ಕಟ್ಟಿತು. ಅಕ್ಕೋರು ಆ ಸಾಲಿಗೆ ಹಗ್ಗ ಕಟ್ಟಿಬಿಟ್ಟರು. ಕಣಜದ ಸಂಸಾರ ಮುಗಿಯುವವರೆಗೆ ಮಕ್ಕಳು ಉಳಿದೆರಡು ಸಾಲಿನಲ್ಲಿ ಸರದಿ ಹಚ್ಚಿ ಹೊಡೆದರು.

ಅವರು ಜೈನರು. ಅಹಿಂಸೆಯ ಮನೆತನದವರು ಬಂದೂಕು ಹಿಡಿಯುವುದೇ ಎಂದು ಅವರ ಬಸದಿಯ ಹಿರಿಯರೊಬ್ಬರು ನನ್ನೆದುರೇ ಕೇಳಿದ್ದರು. ಅಕ್ಕೋರು ಸೆರಗು ಸರಿಮಾಡಿಕೊಂಡು, “ಕೈಯಾಗ ಬಂದೂಕ ಇಲ್ಲದಾಗ ಹೊಡೀದ ಇರೋದು ಏನ ದೊಡ್ಡದರಿ ಅಜ್ಜಾರ? ಇದ್ದಾಗ ಹೊಡೀದ ಇರಬೇಕು. ಅದನ್ನ ಕಲಸ್ತೀನಿ” ಎಂದರು. ಅದು ಬರೀ ಜಾಣ ಉತ್ತರ ಅಲ್ಲ. ಅವರ ಶೆಡ್ಡಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುತ್ತಿದ್ದ ಮಾತು “ಇಳಸು.” ಬಂದೂಕು ಎತ್ತಿ ಗುರಿ ಹಿಡಿದ ಮೇಲೆ ಉಸಿರು ತುಸು ತಪ್ಪಿದರೂ, ಮನಸ್ಸು ಸ್ವಲ್ಪ ಅಲ್ಲಾಡಿದರೂ ಹೊಡೆಯಬಾರದು, ಇಳಿಸಬೇಕು, ಮತ್ತೆ ಎತ್ತಬೇಕು. “ಇಳಸಿದ್ದಕ್ಕ ಯಾರೂ ಅಂಕ ಕಳ್ಯಾಂಗಿಲ್ಲ” ಎನ್ನುತ್ತಿದ್ದರು.

ಸಿಟ್ಟಾದವರು ಯಾರು ಎಂದರೆ, ಬಂದೂಕು ಆರಿಸಿಕೊಡಿ ಎಂದು ಬಂದವರು. ಖಾನಾಪುರ ಅಂದರೆ ಅಡವಿಯ ಅಂಚು. ಹಕ್ಕಿಗೆ, ಮಂಗನಿಗೆ ಒಂದು ಏರ್‌ಗನ್ ಇರಲಿ ಎಂದು ಜನ ಬರುತ್ತಿದ್ದರು. ಅಕ್ಕೋರದು ಒಂದೇ ಪ್ರಶ್ನೆ: “ಏನ ಹೊಡಿಯೋರದೀರಿ?” ಕಾಗದ ಎಂದವರಿಗೆ ಅರ್ಧ ದಿನ ಕೂತು ಹೇಳಿಕೊಡುತ್ತಿದ್ದರು. ಬೇರೆ ಏನು ಹೇಳಿದರೂ ಒಂದು ಕಪ್ ಚಹಾ ಕೊಟ್ಟು ಬಾಗಿಲವರೆಗೆ ಬಂದು ಕಳಿಸುತ್ತಿದ್ದರು. ಒಬ್ಬ ಜಮೀನುದಾರರು ಜಾಣತನ ಮಾಡಿ “ಕಾಗದ, ಕಾಗದ” ಎಂದರಂತೆ. “ಹಂಗಾದ್ರ ನಾಳಿಂದ ಬರ್ರಿ, ಹುಡುಗೂರ ಸಂಗಾಟ ನೆಲಾ ಗುಡಸ್ರಿ” ಎಂದರಂತೆ ಇವರು. ಆ ಮನುಷ್ಯ ಆಮೇಲೆ ಆ ಓಣಿಯಲ್ಲಿ ಕಾಣಿಸಲಿಲ್ಲ.

ಇಂಥವರನ್ನು ಗಿರಾಕಿಯಾಗಿ ಪಡೆದೂ ನಾನು ಮಾಡಿದ ಮೂರ್ಖತನ ಕೇಳಿ. ನನ್ನ ಮಗಳಿಗೆ ಆಗ ಹನ್ನೊಂದು ತುಂಬಿತ್ತು. ಪ್ರೆಸ್ಸಿನಲ್ಲಿ ಬಿದ್ದಿದ್ದ ಕೆಟ್ಟ ಗುರಿಕಾಗದಗಳನ್ನು ಗೋಡೆಗೆ ಅಂಟಿಸಿ ಅವಳು ಪೆನ್ಸಿಲಿನಿಂದ, ರಬ್ಬರಿನಿಂದ ಹೊಡೆಯುತ್ತಿದ್ದಳು. ನನಗೂ ಒಂದು ಏರ್‌ಗನ್ ಕೊಡಿಸು ಎಂದು ಹಿಂದೆ ಬಿದ್ದಳು. ಅಕ್ಕೋರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಂದೂಕು ಆರಿಸುವುದನ್ನು ಒಬ್ಬ ಮುದುಕಿಯನ್ನು ಕೇಳುವುದೇ ಎನ್ನುವ ಗಂಡಸಿನ ಬಿಗುಮಾನ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಂದು ಅಂಗಡಿಗೆ ಹೋಗಿ, ಇದ್ದುದರಲ್ಲಿ ಎಲ್ಲಕ್ಕಿಂತ ಉದ್ದನೆಯದು, ಎಲ್ಲಕ್ಕಿಂತ ಜೋರಿನದು, ಮೇಲೆ ದುರ್ಬೀನು ಕೂತದ್ದು ಆರಿಸಿದೆ. ಅಂಗಡಿಯವನು ಗುರುತಿನ ಚೀಟಿಯ ನಕಲು ತೆಗೆದುಕೊಂಡ. ನಾನು ಅದನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದ ನಡಿಗೆ ನೆನೆದರೆ ಈಗ ನನಗೇ ನಗು ಬರುತ್ತದೆ.

ಮನೆಯಲ್ಲಿ ನನ್ನ ಅವ್ವ ಇದ್ದಾಳೆ. ಬೈಲಹೊಂಗಲ ಕಡೆಯ ಹಳ್ಳಿಯವಳು, ಸ್ನಾನ ಮಾಡಿ ಲಿಂಗಪೂಜೆ ಆಗದೆ ನೀರು ಮುಟ್ಟದವಳು. ಬಂದೂಕು ನೋಡಿ ಹೌಹಾರಿದಳು. ಗುಬ್ಬಿಗೆ ಬಡಿದರೆ ಏನು ಗತಿ? ಬಹಳ ಚೌಕಾಶಿಯ ಮೇಲೆ ಒಂದು ತೀರ್ಮಾನ ಕೊಟ್ಟಳು: “ಛರ್ರಾ ಹಾಕದ ಹೊಡಿ. ಹೊಡದಂಗೂ ಆಗ್ತೈತಿ, ಪಾಪಾನೂ ಹತ್ತೂದಿಲ್ಲ.” ನಮಗೆಲ್ಲ ಅದು ಬಹಳ ಸರಿ ಕಂಡಿತು. ಬಂದೂಕು ಮುರಿದು, ಅಂದರೆ ನಳಿಗೆಯನ್ನು ಕೆಳಗೆ ಬಗ್ಗಿಸಿ, ಸ್ಪ್ರಿಂಗು ಎಳೆಯುವ ಶಕ್ತಿ ಮಗಳಿಗಿರಲಿಲ್ಲ, ನಾನು ಎಳೆದುಕೊಡುತ್ತಿದ್ದೆ. ಅವಳು ಖಾಲಿ ಬಂದೂಕನ್ನು ಗೋಡೆಗೆ ಹಿಡಿದು ಹೊಡೆಯುತ್ತಿದ್ದಳು. ಹದಿನೈದು ದಿನ ಹೀಗೆ ಪಾಪವಿಲ್ಲದೆ ಅಭ್ಯಾಸ ನಡೆಯಿತು. ಹದಿನಾರನೆಯ ದಿನ ಢಂ ಅನ್ನುತ್ತಿದ್ದ ಬಂದೂಕು ಫುಸ್ ಅಂದಿತು.

ಆಗ ಅಕ್ಕೋರ ನೆನಪಾಯಿತು. ರವಿವಾರಕ್ಕೊಮ್ಮೆ ಮಗಳನ್ನು ಖಾನಾಪುರಕ್ಕೆ ಕಳಿಸೋಣ ಎಂದು ನಾನೂ, ಮೊದಲಿನಿಂದ ಮಗಳ ಪಕ್ಷವೇ ಆಗಿದ್ದ ನನ್ನ ಹೆಂಡತಿಯೂ ಅವ್ವನ ಮುಂದೆ ಮಾತು ತೆಗೆದೆವು. ಯಾರು ಆಕೆ, ಎಂಥವಳು ಎಂದು ಅವ್ವ ವಿಚಾರಣೆ ಸುರುಮಾಡಿದಳು. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಮಾವಶಿ ಖಾನಾಪುರದ ಮರಾಠಿ ಹೆಂಗಸು. ಅವ್ವ ಅವಳನ್ನೇ ಕರೆದು ಕೇಳಿದಳು. ಮಾವಶಿ ಕಣ್ಣರಳಿಸಿ, “ತ್ಯಾಂಚಾ ನೇಮ ಕಧೀಚ ಚುಕತ ನಾಹೀ” ಎಂದಳು. ಆಮೇಲೆ ಅವ್ವನ ಸಲುವಾಗಿ ಕನ್ನಡದಲ್ಲೂ ಹೇಳಿದಳು, “ಅವ್ರ ನೇಮ ಎಂದೂ ತಪ್ಪಂಗಿಲ್ರಿ ಆಯಿ.”

ಮರಾಠಿಯಲ್ಲಿ ನೇಮ ಅಂದರೆ ಗುರಿ. ನಮ್ಮಲ್ಲಿ ನೇಮ ಅಂದರೆ ವ್ರತ, ಕಟ್ಟಳೆ. ಅವ್ವನ ಮರಾಠಿ ಕಾಯಿಪಲ್ಲೆ ಸಂತೆಯ ಆಚೆ ಹೋದದ್ದಲ್ಲ. “ಹಂಗಂದ್ರ ಚಲೋ ಹೆಣಮಗಳ ಇರಬೇಕು. ನೇಮ ತಪ್ಪದಾಕಿ ಹಂತ್ಯಾಕ ಹುಡುಗಿ ಹೋದ್ರ ಕೆಡೂದಿಲ್ಲ” ಎಂದು ಒಪ್ಪಿಬಿಟ್ಟಳು. ಅಕ್ಕೋರಿಗೆ ಕೊಡಲೆಂದು ಒಂದು ತೆಂಗಿನಕಾಯಿ, ಸಕ್ಕರೆಯನ್ನೂ ಕಟ್ಟಿದಳು. ಎರಡು ಭಾಷೆಯೂ ಬರುವ ನಾನು ಬಾಯಿ ಮುಚ್ಚಿಕೊಂಡೆ. ಮೋಸ ಹೌದು, ಆದರೆ ಪೂರ್ತಿ ಮೋಸವಲ್ಲ. ಹೊತ್ತು ಮುಳುಗಿದ ಮೇಲೆ ಅಕ್ಕೋರು ಊಟ ಮಾಡುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ. ಊಟದ ಹೊತ್ತು ಮೀರಬಾರದೆಂದು ಶೆಡ್ಡಿನ ಬಾಗಿಲು ಐದಕ್ಕೆ ಸರಿಯಾಗಿ ಮುಚ್ಚುತ್ತಿತ್ತು.

ಮೊದಲ ರವಿವಾರ ನನ್ನ ದೊಡ್ಡ ಬಂದೂಕನ್ನು ಮೇಜಿನ ಮೇಲಿಟ್ಟೆ. ಅಕ್ಕೋರು ಒಮ್ಮೆ ಮುರಿದು, ಕಿವಿಗೆ ಹಿಡಿದು ಕೇಳಿದರು. “ಖಾಲಿ ಹೊಡದೀರಿ.”

ಅವ್ವನ ಪಾಪದ ಲೆಕ್ಕ ಹೇಳಿದೆ. ಅವರು ನಗಲಿಲ್ಲ. “ಮುಂದ ಛರ್ರಾ ಇದ್ರ ಗಾಳಿಗೆ ತಡಿ ಇರತೈತಿ. ಇಲ್ಲಂದ್ರ ಒಳಗಿನ ಕಬ್ಬಿಣ ಓಡಿ ಹೋಗಿ ಕಬ್ಬಿಣಕ್ಕ ಬಡಿತೈತಿ. ಹದಿನೈದ ದಿವಸ ಇದು ತನ್ನ ತಾನ ಹೊಡ್ಕೊಂಡೈತಿ ನೋಡ್ರಿ. ಪಾಪ ಹತ್ತೇತಿ, ಗುಬ್ಬಿದಲ್ಲ, ಇದರದು.”

“ರಿಪೇರಿ ಆಗ್ತೈತೇನ್ರಿ?”

“ಆಗ್ತೈತಿ. ಮಾಡಸಬ್ಯಾಡ್ರಿ. ಇದು ನಿಮ್ಮ ಮಗಳ ಬಂದೂಕಲ್ಲ, ನಿಮ್ಮದು.”

ಆಮೇಲೆ ಮಗಳನ್ನು ಹತ್ತಿರ ಕರೆದರು. ಬಂದೂಕಿನ ಹಿಂದಿನ ತುದಿಯನ್ನು ಅವಳ ಮೊಳಕೈ ಮಡಿಕೆಯಲ್ಲಿಟ್ಟು, ಬೆರಳು ಕುದುರೆಗೆ, ಅಂದರೆ ಟ್ರಿಗರಿಗೆ, ಮುಟ್ಟುತ್ತದೋ ನೋಡಿದರು. ಎರಡು ಬೆರಳಿನಷ್ಟು ದೂರ ಉಳಿಯಿತು. ಎತ್ತಿ ಹಿಡಿ ಎಂದು ಹೇಳಿ, ಶಾಲೆ ಯಾವುದು, ಬಸ್ಸಿನಲ್ಲಿ ಕಿಟಕಿ ಸಿಕ್ಕಿತೇ ಎಂದು ಮಾತಿಗಿಳಿದರು. ಎರಡನೆಯ ಪ್ರಶ್ನೆಗೆ ಬಂದೂಕಿನ ಮೂತಿ ನೆಲ ನೋಡುತ್ತಿತ್ತು. ದುರ್ಬೀನಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದಲ್ಲ, ಮಕ್ಕಳಿಗೆ ಸುಲಭ ಅಲ್ಲವೇ ಎಂದು ನಾನು ಮೂಗು ತೂರಿಸಿದೆ. “ಕೈ ನಡಗೋದೂ ದೊಡ್ಡದಾಗಿ ಕಾಣತೈತ್ರಿ. ಮೊದಲ ದಿವಸ ಅದನ್ನ ನೋಡಿದ್ರ ಹುಡುಗಿ ಎರಡನೇ ದಿವಸ ಬರಂಗಿಲ್ಲ” ಎಂದರು.

ಕೊನೆಯದಾಗಿ, ಎರಡೂ ಅಂಗೈ ಸೇರಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಮೊಳೆಯನ್ನು ನೋಡು ಎಂದರು. ಎಡಗಣ್ಣು ಮುಚ್ಚು ಎಂದರು. ಮೊಳೆ ಮಾಯವಾಯಿತು ಎಂದಳು. ಬಲಗಣ್ಣು ಮುಚ್ಚು. ಮೊಳೆ ಇದ್ದಲ್ಲೇ ಇತ್ತು. ಮೂರು ಸಲ ಮಾಡಿಸಿದರು. ಮೂರೂ ಸಲ ಹಾಗೇ.

“ಕಲ್ಲ ಒಗದ್ರ ಯಾವ ಕೈಲೆ ಒಗೀತಿ?”

ಮಗಳು ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ನನ್ನ ಎದೆಯಲ್ಲಿ ಇದೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಎಡಗೈಯನ್ನು ಸ್ವಲ್ಪವೇ ಎತ್ತಿದಳು.

ಅವಳು ಹುಟ್ಟಿದ್ದೇ ರೊಡ್ಡಿಯಾಗಿ. ತುತ್ತಿಗೆ, ಬಳಪಕ್ಕೆ, ಎಲ್ಲದಕ್ಕೂ ಎಡಗೈ ಮುಂದೆ ಬರುತ್ತಿತ್ತು. ಎಡಗೈ ಶುಭಕ್ಕೆ ಬರುವ ಕೈ ಅಲ್ಲ, ತಿದ್ದಬೇಕು ಎಂದು ಅವ್ವ ಪಟ್ಟು ಹಿಡಿದಳು. ಊಟಕ್ಕೆ ಕೂತಾಗ, ಬರೆಯಲು ಕೂತಾಗ ಆ ಪುಟ್ಟ ಕೈಗೆ ಕರವಸ್ತ್ರ ಸುತ್ತಿ ಗಂಟು ಹಾಕುತ್ತಿದ್ದವನು ನಾನು. ಹೆಂಡತಿ ಬೇಡವೆಂದರೂ ಕೇಳಲಿಲ್ಲ. ಎರಡು ವರ್ಷ ಕಟ್ಟಿದೆ. ಅವಳು ಬಲಗೈಯಲ್ಲಿ ಬರೆಯತೊಡಗಿದಾಗ ಗೆದ್ದೆವು ಅಂದುಕೊಂಡೆವು. ಕಲ್ಲು ಒಗೆಯುವುದನ್ನು ತಿದ್ದಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಕೈ ತಿದ್ದೀರಿ. ಕಣ್ಣ ನಿಮ್ಮ ಮಾತ ಕೇಳಿಲ್ಲ” ಎಂದರು ಅಕ್ಕೋರು. “ಎಡಗಣ್ಣಿನ ಹುಡುಗಿ ಈಕಿ. ಬಂದೂಕ ಎಡ ಹೆಗಲಿಗೆ ಹೋಗಬೇಕು. ಮೊದಲ ಅದು ತೀರ್ಮಾನ ಆಗಲಿ. ಆಮ್ಯಾಲ ಯಾವ ಬಂದೂಕ ಅಂತ ನೋಡೂಣು.”

ಬಸ್ಸಿನಲ್ಲಿ ಅನಗೋಳಕ್ಕೆ ಮರಳುವಾಗ ನನಗೆ ಬಂದೂಕಿನ ಚಿಂತೆ ಇರಲಿಲ್ಲ. ನನ್ನ ಮಗಳಿಂದ ಒಂದು ಕೈಯನ್ನು ನಾನು ಕಸಿದುಕೊಂಡಿದ್ದೆ. ಅದು ಅವಳಿಗೆ ವಾಪಸು ಸಿಗುವುದೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೊಡುವ ಅಧಿಕಾರ ಮನೆಯಲ್ಲಿ ನನ್ನದಾಗಿರಲಿಲ್ಲ, ಅವ್ವನದು.

ವಿಷಯ ಕೇಳಿ ಅವ್ವ ಕೆಂಡವಾದಳು. ಮುಂದಿನ ರವಿವಾರ ತಾನೇ ಬಸ್ಸು ಹತ್ತಿ ನಮ್ಮ ಜೊತೆ ಬಂದಳು. ಶೆಡ್ಡಿನೊಳಗೆ ಕಾಲಿಡುತ್ತಲೇ ಸುರುಮಾಡಿದಳು.

“ನೇಮದಾಕಿ ಅಂತ ನಂಬಿ ಕಳಸಿದ್ದೆ ರೀ ನಾ. ಎರಡ ವರ್ಷ ತಿದ್ದಿದ ಕೈ ನೀವ ಒಂದ ದಿವಸದಾಗ ಕೆಡಸಾಕ ನಿಂತೀರಿ?”

“ಬರ್ರಿ ಅವ್ವಾರ, ಕುಂದರ್ರಿ.”

“ಕುಂದರಾಕ ಬಂದಿಲ್ಲ. ಮಂದಿ ಮನಿಗೆ ಹೋಗೋ ಹುಡುಗಿ. ಎಡಗೈಲೆ ಏನ ಮಾಡಿದ್ರೂ ಶುಭ ಅಲ್ಲ ಅದು. ಆ ಕೈ ಬ್ಯಾರೆ ಕೆಲಸಕ್ಕ ಇರೋದು.”

ಅಕ್ಕೋರು ಒಂದು ಸ್ಟೂಲು ತಂದು ಅವ್ವನ ಹಿಂದಿಟ್ಟರು. ಅವ್ವ ಕೂತಳು. ಅಕ್ಕೋರ ಕಣ್ಣು ಅವ್ವನ ಕೊರಳಿನಲ್ಲಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆಯ ಮೇಲೆ ನಿಂತಿತು.

“ಮುಂಜಾನೆ ಪೂಜಿ ಆತೇನ್ರಿ ಅವ್ವಾರ?”

“ಆಗದ ನೀರ ಸೈತ ಮುಟ್ಟಂಗಿಲ್ಲ ನಾ.”

“ಲಿಂಗ ಯಾವ ಕೈಯಾಗ ಇಟಗೋತೀರಿ?”

ಅವ್ವ ಕಣ್ಣು ಕೆಳಗಿಳಿಸಿದಳು. ಅರವತ್ತು ವರ್ಷದಿಂದ ಪ್ರತಿ ಮುಂಜಾನೆ ಲಿಂಗವನ್ನು ಹೊತ್ತ ಎಡದ ಅಂಗೈ ಅವಳ ತೊಡೆಯ ಮೇಲೆ ತಾನಾಗಿ ತೆರೆದುಕೊಂಡಿತ್ತು. ನಾನೂ ದಿನಾ ಹಾಗೇ ಪೂಜೆ ಮಾಡುವವನು. ನನಗೂ ಅದು ಹೊಳೆದಿರಲಿಲ್ಲ.

“ನಾ ಜೈನರಾಕಿ, ನಿಮ್ಮ ಪೂಜಿ ನನಗ ತಿಳಿಯಂಗಿಲ್ಲ” ಎಂದರು ಅಕ್ಕೋರು ದನಿ ತಗ್ಗಿಸಿ. “ಸಣ್ಣಾಕಿ ಇದ್ದಾಗ ನಮ್ಮ ಬಾಜು ಮನಿ ಅಜ್ಜಾರು ಪೂಜಿಗೆ ಕುಂದರೋದನ್ನ ಕಿಡಕ್ಯಾಗ ನಿಂತ ನೋಡತಿದ್ದೆ. ಎಡಗೈಯಾಗ ಲಿಂಗ, ಕಣ್ಣ ಅದರ ಮ್ಯಾಲ. ರೆಪ್ಪಿ ಅಲಗತಿದ್ದಿಲ್ಲ. ಹಂಗ ನೋಡಾಕ ನನಗ ಬರಬೇಕಲ್ಲಾ ಅನಸತಿತ್ತು. ಮುಂದ ಕಾಲೇಜಿನಾಗ ಬಂದೂಕ ಕೈಗೆ ಕೊಟ್ಟಾಗ ಮೊದಲ ನೆನಪಾದವರು ಆ ಅಜ್ಜಾರು.”

ಅವ್ವ ತೆರೆದ ಅಂಗೈಯನ್ನು ಮಡಿಚಿಕೊಂಡಳು. ಆಮೇಲೆ ಸೋತವರ ಹಾಗೆ ಅಲ್ಲ, ಚೌಕಾಶಿಗೆ ಕೂತವರ ಹಾಗೆ ಹೇಳಿದಳು, “ಉಣ್ಣೋದು ಬಲಗೈಲೇನ ಉಣ್ಣಬೇಕು.”

“ಉಣ್ಣೋದು ನಿಮಗ ಬಿಟ್ಟದ್ದು. ಬಂದೂಕ ನನಗ ಬಿಡ್ರಿ.”

“ದೇವರ ಮುಂದ, ಹಿರೇರ ಮುಂದ ಬಲಗೈ.”

“ಆತ್ರಿ.”

ಹೊರಡುವಾಗ ಅವ್ವನಿಗೆ ಇನ್ನೂ ಒಂದು ಅನುಮಾನ. “ನಿಮ್ಮ ನೇಮ ತಪ್ಪಂಗಿಲ್ಲ ಅಂತ ಮಾವಶಿ ಹೇಳಿದ್ಲು. ಖರೇನ?” ಅಕ್ಕೋರಿಗೆ ಎರಡೂ ಅರ್ಥ ಒಟ್ಟಿಗೆ ಹೊಳೆದಿರಬೇಕು. ನನ್ನ ಕಡೆ ಒಮ್ಮೆ ನೋಡಿದರು, ನಾನು ಛಾವಣಿ ನೋಡಿದೆ. “ಎರಡೂ ಆಗೊಮ್ಮೆ ಈಗೊಮ್ಮೆ ತಪ್ಪತಾವ್ರಿ ಅವ್ವಾರ. ಯಾರಿಗೂ ಗೊತ್ತಾಗಿಲ್ಲ ಅಷ್ಟ” ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ವಾರ ಅಕ್ಕೋರೇ ಬೆಳಗಾವಿಗೆ ಬಂದರು. ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದದ್ದು ಕ್ಯಾಂಪಿನ ಅದೇ ಅಂಗಡಿಗೆ. ನನ್ನನ್ನು ಗುರುತು ಹಿಡಿದ ಅಂಗಡಿಯವನು ಮತ್ತೆ ಜೋರಿನದೇ ಒಂದನ್ನು ಇಳಿಸಿದ. ಅಕ್ಕೋರು ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿ ಬೆಲ್ಟಿಲ್ಲದೆ, ದುರ್ಬೀನಿಲ್ಲದೆ, ಬಡವರ ಮನೆಯ ಹುಡುಗನಂತೆ ನಿಂತಿದ್ದ ಒಂದು ಸಣ್ಣ ಬಂದೂಕನ್ನು ತೋರಿಸಿದರು. ಹಿಡಿಯ ಕಟ್ಟಿಗೆ ಎರಡೂ ಬದಿಗೆ ಒಂದೇ ಸಮ. ಬಲಗೈಯವರ ಕೆನ್ನೆಗೆಂದು ಒಂದು ಬದಿ ಉಬ್ಬಿಸಿದ್ದಲ್ಲ. ಮೊಳಕೈ ಮಡಿಕೆಯಲ್ಲಿಟ್ಟರೆ ಮಗಳ ಬೆರಳು ಕುದುರೆಗೆ ತಾನಾಗಿ ಹೋಗಿ ಕೂತಿತು. ಕುದುರೆಯನ್ನು ಅಕ್ಕೋರು ತಾವೇ ಒತ್ತಿ ನೋಡಿದರು. ಖಾಲಿ ಹೊಡೆಯಬಾರದಲ್ಲ, ಅದಕ್ಕೆ ಅಂಗಡಿಯ ಹಿಂದಿನ ಗುರಿಹಲಗೆಗೆ ಒಂದು ಛರ್ರಾ ಹಾಕಿಯೇ ನೋಡಿದರು. ಆಮೇಲೆ ಮಗಳಿಗೆ, “ನೀ ಮುರಿ” ಎಂದರು. ನಾನು ಸಹಾಯಕ್ಕೆ ಕೈ ಚಾಚಿದೆ. “ನೀವ ಸರೀರಿ. ಅಪ್ಪ ಎಳದ ಕೊಟ್ಟ ಬಂದೂಕ ಅಪ್ಪಂದ ಆಗತೈತಿ.” ಮಗಳು ಹಲ್ಲು ಕಚ್ಚಿ ನಳಿಗೆಯನ್ನು ಬಗ್ಗಿಸಿದಳು. ಟಕ್ ಎಂದು ಕೂತಿತು.

“ಇನ್ನ ಎರಡ ವರ್ಷಕ್ಕ ಬೆಳೀತಾಳ, ಸ್ವಲ್ಪ ದೊಡ್ಡದ ತಗೊಂಡ್ರ ಚಲೋ ಅಲ್ರಿ?” ಎಂದೆ.

“ಸಾಲಿ ಅಂಗಿ ಹೊಲಸಿದಂಗ ಮಾತಾಡಬ್ಯಾಡ್ರಿ ಪ್ರೆಸ್‌ನವ್ರ. ಇವತ್ತಿನ ಕೈಗೆ ಇವತ್ತಿನ ಬಂದೂಕ.” ಮಗಳ ಕಡೆ ತಿರುಗಿ, “ಇದು ಖಾಲಿ ಐತಿ ಅಂತ ಯಾರ ಹೇಳಿದ್ರೂ ನಂಬಬ್ಯಾಡ. ನಾ ಹೇಳಿದ್ರೂ ನಂಬಬ್ಯಾಡ. ಮುರದು ನೀನ ನೋಡ” ಎಂದರು. ಮಗಳು ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಆ ಬಂದೂಕಿನ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ನಡೆದಳು.

ಹೀಗೆ ನಮ್ಮ ಮನೆಯಲ್ಲಿ ಒಪ್ಪಂದ ಜಾರಿಗೆ ಬಂತು. ರವಿವಾರ ಖಾನಾಪುರದಲ್ಲಿ ಎಡಗೈ. ಉಳಿದ ದಿನ, ಉಳಿದ ಎಲ್ಲದಕ್ಕೂ ಬಲಗೈ. ವಿಭೂತಿ ಹಚ್ಚಿಕೊಳ್ಳುವಾಗ, ಅರಿಷಿಣ ಕುಂಕುಮ ಕೊಡುವಾಗ ಮಗಳ ಎಡಗೈ ಮರೆತು ಮುಂದೆ ಬಂದರೆ ಅವ್ವ ಕಣ್ಣಲ್ಲೇ ಹಿಂದೆ ಕಳಿಸುತ್ತಿದ್ದಳು. ಅರ್ಧ ಕೈಯಷ್ಟೇ ವಾಪಸು ಸಿಕ್ಕಿತ್ತು. ನಾನು ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡೆ.

ಮೂರು ವರ್ಷದ ಮೇಲೆ ಬೆಳಗಾವಿಯಲ್ಲಿ ಒಂದು ಸ್ಪರ್ಧೆ. ಅವ್ವ ಇಳಕಲ್ ಸೀರೆ ಉಟ್ಟು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಬಲಗೈಯವರೆಲ್ಲ ಸಾಲಾಗಿ ಒಂದೇ ಕಡೆಗೆ ಎದೆಮಾಡಿ ನಿಂತಿದ್ದರು. ತುದಿಯಲ್ಲಿ ನನ್ನ ಮಗಳೊಬ್ಬಳೇ ಅವರಿಗೆ ಎದುರಾಗಿ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಅವ್ವನನ್ನು ಕೇಳಿದರು, “ಆ ತುದಿ ಹುಡುಗಿ ಯಾಕ ಹೊಳ್ಳಿ ನಿಂತಾಳರಿ?”

“ಆಕಿ ನೆಟ್ಟಗ ನಿಂತಾಳ. ಉಳದವರ ಆ ಕಡೆ ಹೊಳ್ಳ್ಯಾರ” ಎಂದಳು ಅವ್ವ.

ಮಗಳು ಬಂದೂಕು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಒಂದು ಹೊಡೆತಕ್ಕೆ ಮೊದಲು ಆರು ಸಲ ಇಳಿಸಿದಳು. ಸಮಯ ಓಡುತ್ತಿತ್ತು. ಹೊಡಿ ಎಂದು ನಾನು ಕೂಗುವುದೊಂದು ಬಾಕಿ. ಅಕ್ಕೋರು ಮಾತ್ರ ಕೈ ಕಟ್ಟಿಕೊಂಡು, ಪ್ರತಿ ಸಲ ಇಳಿಸಿದಾಗಲೂ ಸಣ್ಣಗೆ ತಲೆ ಆಡಿಸುತ್ತಿದ್ದರು. ನನ್ನ ಮಗಳು ನಾಲ್ಕನೆಯವಳಾದಳು. ಪದಕ ಮೂವರಿಗೆ. ನಾನು ಮುಖ ಸಣ್ಣದು ಮಾಡಿಕೊಂಡು ಹೋದರೆ ಅಕ್ಕೋರು ಅವಳ ಗುರಿಕಾಗದಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ, “ಪ್ರೆಸ್‌ನವ್ರ, ಇದು ನಿಮ್ಮ ಅಚ್ಚಿಗಿಂತ ಚಲೋ ಐತಿ” ಎಂದರು. ಆ ಮಾತಿನ ಮುಂದೆ ಪದಕ ಯಾವ ಲೆಕ್ಕ. ಇವರು ನನ್ನ ಮಗಳ ಗುರುಗಳು ಎಂದು ಆವತ್ತು ಕಂಡಕಂಡವರಿಗೆಲ್ಲ ಹೇಳಿದೆ, ಇವಳು ನನ್ನ ಮಗಳು ಎಂದೂ ಹೇಳಿದೆ.

ಆಮೇಲೆ ಪದಕಗಳೂ ಬಂದವು, ದೊಡ್ಡ ಬಂದೂಕುಗಳೂ ಬಂದವು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ರವಿವಾರ ಖಾನಾಪುರಕ್ಕೆ ಹೋಗಿ ಸಣ್ಣ ಮಕ್ಕಳಿಗೆ “ಇಳಸು” ಎನ್ನುವ ಕೆಲಸ ಒಂದು ವರ್ಷದಿಂದ ಅವಳದೇ ಆಗಿತ್ತು. ಅಕ್ಕೋರಿಗೆ ಉಸಿರಾಟದ ತೊಂದರೆ ಸುರುವಾಗಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಹೋದ ತಿಂಗಳು ಒಂದು ಬೆಳಿಗ್ಗೆ ಫೋನು ಬಂತು. ನಾವು ನಾಲ್ವರೂ ಹೋದೆವು. ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು. ಹೂವು ಕೀಳಬೇಡಿ ಎಂದು ಅವರು ಮೊದಲೇ ಹೇಳಿಟ್ಟಿದ್ದರಂತೆ. ಹಾಗಾಗಿ ತಲೆದೆಸೆಗೆ ಒಂದು ತಟ್ಟೆಯಲ್ಲಿ ಗಂಧದ ಕಟ್ಟಿಗೆಯ ಚೂರುಗಳನ್ನು ಇಟ್ಟಿದ್ದರು. ಬಂದವರು ಒಂದೊಂದು ಚೂರು ತೆಗೆದುಕೊಂಡು ಅವರ ಪಾದದ ಹತ್ತಿರ ಇಟ್ಟು ಕೈಮುಗಿದು ಸರಿಯುತ್ತಿದ್ದರು. ಶೆಡ್ಡಿನ ಮಕ್ಕಳು, ಹಳೆಯ ವಿದ್ಯಾರ್ಥಿಗಳು, ಬಸದಿಯ ಆ ಹಿರಿಯರು.

ನಮ್ಮ ಸರದಿ ಬಂತು. ಮಗಳು ತಟ್ಟೆಯಿಂದ ಚೂರು ತೆಗೆದುಕೊಂಡಳು, ಮನೆಯಲ್ಲಿ ಕಲಿಸಿದ ಹಾಗೆ ಬಲಗೈಯಲ್ಲಿ. ಬಗ್ಗಿದಳು. ಅವಳ ಹಿಂದೆ ನಿಂತಿದ್ದ ಅವ್ವ ಅವಳ ಹೆಗಲು ಹಿಡಿದು ನಿಲ್ಲಿಸಿದಳು. ಸುತ್ತ ಮಂದಿ ಇದ್ದರು, ಎಲ್ಲರಿಗೂ ಕೇಳಿಸುವಂತೆಯೇ ಹೇಳಿದಳು.

“ಎಡಗೈಲೆ ಇಡ ಯವ್ವಾ. ಅವರಿಗೆ ನಿನ್ನ ಗುರ್ತ ಆ ಕೈಲೆ.”

ಮಗಳು ಚೂರನ್ನು ಎಡಗೈಗೆ ಬದಲಿಸಿಕೊಂಡು ಪಾದದ ಹತ್ತಿರ ಇಟ್ಟಳು. ನನ್ನ ಅವ್ವನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆ ಎಂದೂ ಆಗಿರಲಿಲ್ಲ. ಆಮೇಲೆ ಅವ್ವ ಮುಂದೆ ಬಂದು ತಟ್ಟೆಯಿಂದ ಒಂದು ಚೂರು ತೆಗೆದುಕೊಂಡಳು. ಅವಳೂ ಎಡಗೈಯಲ್ಲೇ ಇಟ್ಟಳು.